ಆರು ಮಡಕೆ ಅಲ್ಕಾತ್ರಾ

ಪವಿತ್ರಾತ್ಮನ ಹಬ್ಬಕ್ಕೆ ಚೀಟಿ ಎತ್ತಿದಾಗ ಜೆರ್ಮಾನುವಿನ ಹೆಸರು ಬಂದದ್ದಕ್ಕೆ ಸೆರ್ರೇತಾ ಊರಿನ ಜನರೆಲ್ಲ ಚಪ್ಪಾಳೆ ತಟ್ಟಿದರು. ಅವನ ಹೆಂಡತಿ ಎರ್ಮೆಲಿಂದಾ ಒಬ್ಬಳು ತಟ್ಟಲಿಲ್ಲ. ಅವಳ ಕಣ್ಣ ಮುಂದೆ ಬಂದದ್ದು ಬರುವ ವರ್ಷ ಒಂದು ವಾರ ಮನೆಯಲ್ಲಿ ಕೂರಲಿರುವ ಪವಿತ್ರಾತ್ಮನ ಬೆಳ್ಳಿಕಿರೀಟವಲ್ಲ. ವಾರವಿಡೀ ಸಂಜೆ ಜಪಮಾಲೆ ಹಿಡಿದು ಬರುವ ಜನ, ಅವರಿಗೆಲ್ಲ ಕಾಫಿ, ಭಾನುವಾರ ಇಡೀ ಬೀದಿಗೆ ಊಟ, ಆ ಊಟಕ್ಕೆ ದಿನವಿಡೀ ವೈನಿನಲ್ಲಿ ಬೇಯಬೇಕಾದ ದನದ ಮಾಂಸ, ಆರು ಮಡಕೆ ಅಲ್ಕಾತ್ರಾ.

ಮನೆಗೆ ಹೋಗುವ ಏರುದಾರಿಯಲ್ಲಿ ಅವಳು ಬಾಯಿ ತೆರೆದಳು.

"ಈ ಸಲ ಹೆಸರು ಕೊಡಬೇಡ ಅಂತ ನಾನು ಬಾಯಿಬಿಟ್ಟು ಹೇಳಿದ್ದೆ."

"ಹೇಳಿದ್ದೆ ಕಣೆ. ಮೂವತ್ತೊಂದು ವರ್ಷದಿಂದ ಕೊಡ್ತಾ ಇದೀನಿ, ಒಂದು ಸಲಾನೂ ಬಂದಿಲ್ಲ. ಈಗ ಬರುತ್ತೆ ಅಂತ ಯಾರಿಗೆ ಗೊತ್ತಿತ್ತು?"

"ಪವಿತ್ರಾತ್ಮನಿಗೆ ಗೊತ್ತಿತ್ತು ನೋಡು. ನನ್ನ ಮೊಣಕಾಲು ಹೋಗೋ ತನಕ ಕಾದು ಕೂತಿದ್ದಾನೆ."

ಜೆರ್ಮಾನು ನಕ್ಕ. ಅವನ ಸೊಂಟವೂ ಹೋಗಿತ್ತು. ಇಬ್ಬರೂ ಏರು ಮುಗಿಯುವಷ್ಟರಲ್ಲಿ ಎರಡು ಸಲ ನಿಂತು ಸುಧಾರಿಸಿಕೊಂಡರು.

ಎರ್ಮೆಲಿಂದಾಗೆ ಆಗ ಅರವತ್ತು ದಾಟಿತ್ತು. ಅವಳ ತಾಯಿ ಹಬ್ಬದ ಅಡುಗೆಯವಳು. ಯಾರ ಮನೆಗೆ ಕಿರೀಟ ಬಂದರೂ ಒಲೆ ಅವಳದೇ. ಹನ್ನೊಂದನೆಯ ವಯಸ್ಸಿಗೆ ಮಗಳನ್ನು ಕರೆದುಕೊಂಡು ಹೋಗಿ ಬೆಳ್ಳುಳ್ಳಿ ಸುಲಿಯಲು ಕೂರಿಸಿದಳು. ತಾಯಿ ತೀರಿಕೊಂಡ ಮೇಲೆ ಊರಿನವರು ಯಾರನ್ನೂ ಕೇಳದೆ ಮಗಳ ಬಾಗಿಲಿಗೇ ಬಂದರು. ಅಷ್ಟರಲ್ಲಿ ಅವಳಿಗೆ ಆಂಗ್ರಾ ಪಟ್ಟಣದ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸ ಸಿಕ್ಕಿತ್ತು. ವಾರದ ದಿನಗಳಲ್ಲಿ ಬೆಳಗಿನ ಬಸ್ಸು ಹಿಡಿದು ಹೋಗಿ ಹಬೆಯಲ್ಲಿ ನಿಂತು ಒದ್ದೆ ಹಾಸಿಗೆಬಟ್ಟೆಗಳ ಭಾರ ಎಳೆಯುವುದು, ಹಬ್ಬದ ವಾರಗಳಲ್ಲಿ ರಜೆ ಸಿಕ್ಕ ದಿನ ಬೇರೆಯವರ ಒಲೆಯ ಮುಂದೆ ಬಗ್ಗುವುದು. ಹೀಗೆ ಮೂವತ್ತು ವರ್ಷ ಹೋಯಿತು. ಸ್ವಂತ ಮನೆಯಲ್ಲಿ ಅವಳು ಅಲ್ಕಾತ್ರಾ ಮಾಡಿದ್ದೇ ಅಪರೂಪ. "ಇಬ್ಬರಿಗೋಸ್ಕರ ಯಾರು ದಿನವಿಡೀ ಒಲೆ ಉರಿಸ್ತಾರೆ?" ಎಂದುಬಿಡುತ್ತಿದ್ದಳು. ಹಬ್ಬದ ಮನೆಗಳಲ್ಲೂ ಎಲ್ಲರ ಊಟ ಮುಗಿದ ಮೇಲೆ ಅಡುಗೆಮನೆಯಲ್ಲೇ ನಿಂತು, ಮಡಕೆಯ ತಳಕ್ಕೆ ಬ್ರೆಡ್ಡು ಒರೆಸಿ ತಿಂದರೆ ಅವಳ ಊಟವೂ ಮುಗಿದಂತೆ.

ವರ್ಷ ಕಳೆದು ಈಸ್ಟರ್ ಆದ ನಾಲ್ಕನೇ ವಾರ ಕಿರೀಟ ಮನೆಗೆ ಬಂತು. ಮುಂದಿನ ಕೋಣೆಯಲ್ಲಿ ಬಿಳಿ ಬಟ್ಟೆ ಹಾಸಿ, ಹೂವಿಟ್ಟು, ಕೂರಿಸಿದ್ದಾಯಿತು. ದಿನಾ ಸಂಜೆ ಮೂವತ್ತು ನಲವತ್ತು ಜನ. ಎರ್ಮೆಲಿಂದಾ ಬಸ್ಸಿಳಿದು ಬಂದು ಕೋಟು ಬಿಚ್ಚುವ ಮೊದಲೇ ಯಾರಾದರೂ ಬಾಗಿಲಲ್ಲಿರುತ್ತಿದ್ದರು. ಗುರುವಾರ ಮೊಣಕಾಲೂರಿ ಜಪಮಾಲೆ ಹೇಳುತ್ತಿದ್ದವಳು ಹಾಗೇ ತೂಕಡಿಸಿದಳು. ಪಕ್ಕದಲ್ಲಿದ್ದ ಜುಲ್ಮೀರಾ ಮೊಣಕೈಯಿಂದ ತಿವಿದಳು.

ಜುಲ್ಮೀರಾ ಎದುರುಮನೆಯವಳು. ಅವಳ ಮಗಳ ದೀಕ್ಷಾಸ್ನಾನದಲ್ಲಿ ಎರ್ಮೆಲಿಂದಾ ಧರ್ಮತಾಯಿಯಾಗಿ ನಿಂತಿದ್ದಳು. ಹಾಗಾಗಿ ಇಬ್ಬರೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುತ್ತಿದ್ದರು. ಶನಿವಾರ ಬೆಳಗ್ಗೆ ಅವಳು ಏಪ್ರನ್ ಕಟ್ಟಿಕೊಂಡು ಬಂದಾಗ ಎರ್ಮೆಲಿಂದಾ ಮಡಕೆಗಳ ಒಳಮೈಗೆ ಹಂದಿಕೊಬ್ಬು ಸವರುತ್ತಿದ್ದಳು. ಬಾಯಗಲದ, ಮೆರುಗಿಲ್ಲದ ಕೆಂಪು ಮಣ್ಣಿನ ಮಡಕೆಗಳು. ಎರಡು ಸ್ವಂತದ್ದು, ನಾಲ್ಕು ಬೀದಿಯವರದ್ದು.

"ಕೊಮಾದ್ರೆ, ನಿನ್ನ ಮುಖ ನೋಡಿದ್ರೆ ಮಾಂಸಕ್ಕಿಂತ ಮೊದಲು ನೀನೇ ಬೆಂದಿರೋ ಹಾಗಿದೆ."

"ಈರುಳ್ಳಿ ಹೆಚ್ಚು. ಬಾಯಿ ಆಮೇಲೆ."

ತಳಕ್ಕೆ ಹೊಗೆ ಹಾಕಿದ ಹಂದಿಮಾಂಸದ ಚೂರು, ಬಳೆಬಳೆಯಾಗಿ ಹೆಚ್ಚಿದ ಈರುಳ್ಳಿ, ಜಜ್ಜಿದ ಬೆಳ್ಳುಳ್ಳಿ. ಅದರ ಮೇಲೆ ಎಲುಬು ಸಮೇತ ದನದ ತೊಡೆಮಾಂಸ, ಒಂದೊಂದು ತುಂಡೂ ಮುಷ್ಟಿಗಾತ್ರ. ಮತ್ತೆ ಈರುಳ್ಳಿ, ಹಿತ್ತಲಿನ ಲಾರೆಲ್ ಎಲೆ, ಕರಿಮೆಣಸು, ಲವಂಗದ ವಾಸನೆಯ ದಪ್ಪ ಮೆಣಸುಕಾಳು. ಕೊನೆಗೆ ಮಾಂಸ ಮುಳುಗುವಷ್ಟು ಕೆಂಪು ವೈನು. ಜೆರ್ಮಾನು ಬ್ರೆಡ್ಡಿನ ಗೂಡೊಲೆಗೆ ಬೆಂಕಿ ಹಾಕಿ, ಕೆಂಡ ಬದಿಗೆ ಸರಿಸಿಕೊಟ್ಟ. ಆರು ಮಡಕೆಗಳು ಒಂದರ ಹಿಂದೊಂದು ಒಳಗೆ ಹೋದವು.

ಎರಡು ಗಂಟೆ ಕಳೆಯುವಷ್ಟರಲ್ಲಿ ಜುಲ್ಮೀರಾಗೆ ತಾಳ್ಮೆ ತಪ್ಪಿತು. "ಇನ್ನೆರಡು ಕೊಳ್ಳಿ ಹಾಕೋಣ. ಬೇಗ ಆದ್ರೆ ನೀನು ಒಂದು ಗಳಿಗೆ ಮಲಗಬಹುದು."

"ಬೇಡ. ಬೇಗ ಬೆಂದಿದ್ದು ಹಗ್ಗದ ಹಾಗಿರುತ್ತೆ."

"ನಾಳೆ ಯಾರು ಅಗಿದು ನೋಡ್ತಾರೆ? ವೈನ್ ಕುಡಿದಿರ್ತಾರೆ ಎಲ್ಲಾ."

"ನಾನು ನೋಡ್ತೀನಿ," ಎಂದಳು ಎರ್ಮೆಲಿಂದಾ. ಹೇಳಿದ ಮೇಲೆ ಅವಳಿಗೇ ಆಶ್ಚರ್ಯವಾಯಿತು.

ಗಂಟೆಗೊಮ್ಮೆ ಮಡಕೆ ಹೊರಗೆಳೆದು, ಮಾಂಸ ಮಗುಚಿ, ರಸ ಇಂಗಿದ್ದಲ್ಲಿ ಮತ್ತೆ ವೈನು ಹೊಯ್ದು ಒಳಗೆ ತಳ್ಳಬೇಕಿತ್ತು. ನಾಲ್ಕನೇ ಸಲ ಅವಳ ಹಿಡಿತ ತಪ್ಪಿತು. ಮಡಕೆ ಓರೆಯಾಗಿ ಬಿಸಿರಸ ಮುಂಗೈ ಮೇಲೆ ಚೆಲ್ಲಿತು. ಅವಳು ಮಡಕೆಯನ್ನು ನೆಟ್ಟಗೆ ಇಳಿಸಿ, ನೆಲದ ಮೇಲೆ ಕುಕ್ಕರಿಸಿ, ಅತ್ತಳು. ಸುಟ್ಟದ್ದು ಅಷ್ಟೇನೂ ಇರಲಿಲ್ಲ. ಜೆರ್ಮಾನು ತಣ್ಣೀರಿನ ಬಟ್ಟೆ ತಂದು ಕೈಗೆ ಸುತ್ತಿದ.

"ನನ್ನದೇ ತಪ್ಪು ಕಣೆ," ಎಂದ. "ನಿನ್ನಪ್ಪ ಸಾಯೋವರೆಗೂ ಚೀಟಿ ಹಾಕಿದ್ರು, ಅವರಿಗೆ ಬರಲಿಲ್ಲ. ನಿನಗಾದ್ರೂ ಬರಲಿ ಅಂತ ಹಾಕ್ತಾ ಇದ್ದೆ. ಬಂದ್ರೆ ಕೆಲಸಾನೂ ನಿನಗೇ ಅನ್ನೋದು ತಲೆಗೇ ಹೋಗಲಿಲ್ಲ."

"ಮೂವತ್ತೊಂದು ವರ್ಷ ಬೇಕಾಯ್ತಾ ತಲೆಗೆ ಹೋಗೋಕೆ?"

"ದಪ್ಪ ತಲೆ. ಇದೂ ನಿಧಾನಕ್ಕೇ ಬೇಯೋದು."

ಉಳಿದ ಎರಡು ಸಲ ಮಡಕೆ ಎಳೆದದ್ದು ಅವನೇ. ಅವಳು ಸ್ಟೂಲಿನ ಮೇಲೆ ಕೂತು "ಬಲಕ್ಕೆ, ಬಲಕ್ಕೆ, ಅದು ನಿನ್ನ ಎಡ" ಎನ್ನುತ್ತಿದ್ದಳು. ಸಂಜೆಗೆ ಮಾಂಸ ಎಲುಬು ಬಿಟ್ಟು ಜಾರುವಂತಾಗಿ, ರಸ ಕಪ್ಪಗೆ ಗಟ್ಟಿಯಾಯಿತು. ಆರುತ್ತಿರುವ ಒಲೆಯಲ್ಲೇ ಅವನ್ನು ಬಿಟ್ಟರು.

ಭಾನುವಾರ ಚರ್ಚಿನಲ್ಲಿ ಪಾದ್ರಿ ಚೀಟಿ ಬಂದವನ ತಲೆಗಿಡಲು ಕಿರೀಟ ಎತ್ತಿಕೊಂಡಾಗ ಜೆರ್ಮಾನು ತನ್ನ ಬದಲು ಹೆಂಡತಿಯನ್ನು ಮುಂದೆ ತಳ್ಳಿದ. ಅವಳು ಬೇಡವೆಂದು ತಲೆಯಾಡಿಸುವಷ್ಟರಲ್ಲಿ ಬೆಳ್ಳಿ ನೆತ್ತಿಯ ಮೇಲೆ ಕೂತಾಗಿತ್ತು. ಭಾರವಾಗಿತ್ತು. ಕತ್ತು ನೋಯುತ್ತಿತ್ತು. ಬ್ಯಾಂಡು, ಬಾವುಟ, ಬೀದಿಗೆ ಚೆಲ್ಲಿದ ಹೂವು ಎಲ್ಲದರ ನಡುವೆ ಮೆರವಣಿಗೆಯಲ್ಲಿ ನಡೆಯುತ್ತ ಅವಳು ಯೋಚಿಸಿದ್ದು ಒಂದೇ: ಮಡಕೆಗಳನ್ನು ಮತ್ತೆ ಬಿಸಿಮಾಡಲು ಯಾರಾದರೂ ಒಲೆ ಹಚ್ಚಿದ್ದಾರೋ ಇಲ್ಲವೋ.

ಜುಲ್ಮೀರಾ ಹಚ್ಚಿದ್ದಳು. ಮನೆ ತಲುಪಿದ ಎರ್ಮೆಲಿಂದಾ ಅಭ್ಯಾಸಬಲದಿಂದ ನೇರ ಅಡುಗೆಮನೆಗೆ ಹೋಗಿ ಸೌಟು ಹಿಡಿದಳು. ಜುಲ್ಮೀರಾ ಅದನ್ನು ಕಿತ್ತುಕೊಂಡಳು.

"ಹೋಗೇ ಆಚೆ, ಮಹಾರಾಣಿ. ನಿನ್ನ ಜಾಗ ಅಲ್ಲಿ."

"ನಿನಗೆ ರಸ ಎಷ್ಟು ಬಡಿಸಬೇಕು ಅಂತ ಗೊತ್ತಿಲ್ಲ."

"ಕಲೀತೀನಿ. ಇನ್ನೂ ಐವತ್ತೆಂಟು ನನಗೆ."

ಮೇಜಿನ ತುದಿಯಲ್ಲಿ ಅವಳನ್ನು ಕೂರಿಸಿದರು. ಮೊದಲ ತಟ್ಟೆ ಅವಳಿಗೇ ಬಂತು, ಹೊಗೆಯಾಡುತ್ತ, ಪಕ್ಕದಲ್ಲಿ ಸಿಹಿ ಬ್ರೆಡ್ಡಿನ ದಪ್ಪ ಹೋಳು. ಅವಳು ಬ್ರೆಡ್ಡು ಮುರಿದು ರಸದಲ್ಲಿ ಅದ್ದಿ ಬಾಯಿಗಿಟ್ಟಳು. ಇಷ್ಟು ವರ್ಷ ಅವಳಿಗೆ ಗೊತ್ತಿದ್ದದ್ದು ತಣ್ಣಗಾದ ಮಡಕೆಯ ತಳದ ಉಪ್ಪುಕಹಿ ರುಚಿ. ಇದು ಬೇರೆ. ಮಾಂಸ ನಾಲಿಗೆಯ ಮೇಲೆ ತಾನಾಗಿಯೇ ಬಿಚ್ಚಿಕೊಂಡಿತು. ಜನ ತನ್ನನ್ನು ಯಾಕೆ ಹುಡುಕಿಕೊಂಡು ಬರುತ್ತಿದ್ದರು ಎಂಬುದು ಅವಳಿಗೆ ಅಂದು ತಿಳಿಯಿತು. ಎರಡನೇ ತುತ್ತು, ಮೂರನೆಯದು. ನಾಲ್ಕನೆಯದು ಕೈಯಲ್ಲಿದ್ದಾಗಲೇ ಅವಳ ತಲೆ ಕುರ್ಚಿಯ ಬೆನ್ನಿಗೆ ಒರಗಿತು.

ಎರ್ಮೆಲಿಂದಾ ನಿದ್ದೆ ಹೋಗಿದ್ದಳು.

ಬ್ಯಾಂಡಿನಲ್ಲಿ ತುತ್ತೂರಿ ಊದುವ ಆಬೆಲ್ ಅದೇ ಹೊತ್ತಿಗೆ ಹಾಡೆತ್ತಲು ಎದ್ದಿದ್ದ. ಜೆರ್ಮಾನು ತುಟಿಯ ಮೇಲೆ ಬೆರಳಿಟ್ಟ. ಆಬೆಲ್ ತೆರೆದ ಬಾಯಿ ಮುಚ್ಚಿ ಕೂತ. ಅರವತ್ತು ಜನ ಪಿಸುಮಾತಿನಲ್ಲಿ ಬ್ರೆಡ್ಡು ಕೇಳಿ, ಪಿಸುಮಾತಿನಲ್ಲಿ ವೈನು ಕೇಳಿ, ಚಮಚದ ಸದ್ದಾಗದಂತೆ ಉಂಡು, ಒಬ್ಬೊಬ್ಬರಾಗಿ ಎದ್ದುಹೋದರು.

ಅವಳು ಕಣ್ಣು ಬಿಟ್ಟಾಗ ಇಳಿಬಿಸಿಲು. ಮೇಜುಗಳು ಖಾಲಿ. ಜುಲ್ಮೀರಾ ಕೊನೆಯ ಮಡಕೆ ಒರೆಸುತ್ತಿದ್ದಳು.

"ನನಗೆ ಸ್ವಲ್ಪ ಉಳಿದಿದೆಯಾ?"

"ಒಂದು ಚೂರೂ ಇಲ್ಲ, ಕೊಮಾದ್ರೆ. ನಿನ್ನ ತಟ್ಟೇಲಿ ಇದ್ದಿದ್ದನ್ನೂ ಆಬೆಲ್ ತಿಂದ. ಹಾಡೋಕೆ ಬಿಡಲಿಲ್ಲವಲ್ಲ, ಅದಕ್ಕೆ ಪರಿಹಾರ ಅಂತೆ."

ಎರ್ಮೆಲಿಂದಾ ಹೊಟ್ಟೆ ಹಿಡಿದು ನಕ್ಕಳು. ಬ್ರೆಡ್ಡು ಚೀಸು ತಿಂದಳು. ಜೆರ್ಮಾನು ಹಾಲು ಕರೆಯಲು ಹುಲ್ಲುಗಾವಲಿಗೆ ಹೊರಟ. ಹಸುಗಳಿಗೆ ಹಬ್ಬವಿಲ್ಲ. ಸೊಂಟ ಹಿಡಿದು ಕುಂಟುತ್ತ ಹೋಗುತ್ತಿದ್ದವನನ್ನು ಕಿಟಕಿಯಿಂದ ನೋಡಿ ಅವಳಿಗೆ 'ನಿಲ್ಲು, ನಾನೂ ಬರ್ತೀನಿ' ಎನ್ನಬೇಕೆನಿಸಿತು. ಆದರೆ ಬೋಗುಣಿಯ ಬಿಸಿನೀರಿನಲ್ಲಿ ಪಾದ ಇಳಿಬಿಟ್ಟು, ನೀರು ಆರುವ ತನಕ ಕೂತಿದ್ದಳು.

ಮರುದಿನ ಎಂದಿನ ಬಸ್ಸಿಗೆ ಹೋದಳು. ಮುಂಗೈಗೆ ಸುತ್ತಿದ ಬಟ್ಟೆ ನೋಡಿ ಆಸ್ಪತ್ರೆಯ ಮೇಲ್ವಿಚಾರಕಿ ಅವಳನ್ನು ಎರಡು ವಾರ ಒಣಬಟ್ಟೆ ಮಡಚುವ ಕಡೆಗೆ ಹಾಕಿದಳು. ಅಲ್ಲಿ ಕೂರಲು ಸ್ಟೂಲು ಇತ್ತು.