ಯಶವಂತನ ಹಾಳೆಮುಖಗಳು

ಕೊಪ್ಪದ ಬಸ್ ನಿಲ್ದಾಣದ ಹಿಂದೆ ದೇವರ ಪಟಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿರುವ ಯಶವಂತನಿಗೆ ಈಚೆಗೆ ತಾನು ಕಲಾವಿದ ಎಂಬುದು ಗೊತ್ತಾಯಿತು. ಗೊತ್ತು ಮಾಡಿಸಿದ್ದು ಮೊಬೈಲಿನಲ್ಲಿ ನೋಡಿದ ವಿಡಿಯೊಗಳು. ಜನ ಓಡಾಡಿದರೆ ಜಗಲಿಯ ದೀಪ ತಾನಾಗಿ ಹೊತ್ತಿಕೊಳ್ಳಲು ಹಾಕುತ್ತಾರಲ್ಲ, ಆ ಅಗ್ಗದ ಸೆನ್ಸರ್‌ಗಳನ್ನು ತರಿಸಿದ. ಅಡಿಕೆ ಹಾಳೆಯಲ್ಲಿ ಮುಖಗಳನ್ನು ಕತ್ತರಿಸಿ ಹಲಗೆಗೆ ಮೊಳೆ ಹೊಡೆದು ಕೂರಿಸಿದ. ಎದುರಿಗೆ ಯಾರಾದರೂ ಅಲ್ಲಾಡಿದರೆ ಮುಖಗಳ ಕಣ್ಣು ಬೆಳಗಿ, "ಬನ್ನಿ, ಕೂತ್ಕೊಳ್ಳಿ" ಎಂಬ ದನಿ ಬರುತ್ತಿತ್ತು. ದನಿಯೂ ಅವನದೇ, ಬೇರೆಯವರದು ಅವನಿಗೆ ಹಿಡಿಸಲಿಲ್ಲ.

ಹಾಳೆ ಆರಿಸಿ, ತೊಳೆದು, ಕಲ್ಲು ಹೇರಿ ಸಪಾಟು ಮಾಡಿಕೊಟ್ಟವಳು ಹೆಂಡತಿ ರಾಧಮ್ಮ. ಅದನ್ನು ಅವನು ಎಲ್ಲೂ ಹೇಳಲಿಲ್ಲ.

ಮದುವೆ ಛತ್ರದ ಯಜಮಾನರಾದ ಬೇಗಾರಿನ ಗಣಪಯ್ಯ, ಒಂದು ಮದುವೆಯಲ್ಲಿ ಸರಿಯಾಗಿ ನಡೆದರೆ ಹಲಗೆಯನ್ನು ಬಾಗಿಲಲ್ಲೇ ಕಾಯಂ ಇಡುತ್ತೇನೆ ಎಂದರು. ಯಶವಂತನಿಗೆ ಬೇಕಾದ್ದೂ ಅದೇ: ಕೆಳಗೆ ತನ್ನ ಹೆಸರು, ಎದುರಿಗೆ ಊರೆಲ್ಲ.

ಮದುವೆಯ ದಿನ ಗಣಪಯ್ಯ ತಮ್ಮ ಬುದ್ಧಿವಂತಿಕೆಯನ್ನೂ ಸೇರಿಸಿದರು. ಹಲಗೆಗೆ ಸೇವಂತಿಗೆ ಮಾಲೆ ಹಾಕಿಸಿ, ಮುಂದೆ ದೀಪ ಹಚ್ಚಿಸಿದರು. ಬಂದವರು ಮಾಲೆ ನೋಡಿ, ದೀಪ ನೋಡಿ, ಚಪ್ಪಲಿ ಬಿಟ್ಟು ಕೈಮುಗಿದು ನಿಂತರು. ಅವರು ಹತ್ತಿರ ಬರುವಾಗ ಬೆಳಗಿದ ಕಣ್ಣುಗಳು, ನಿಂತೊಡನೆ ಆರಿದವು. ಆರಿದ್ದಕ್ಕೆ ಹೆದರಿ ಜನ ಇನ್ನಷ್ಟು ಅಲುಗದೆ ನಿಂತರು.

"ಎಂತ ಮಾರಾಯ, ಸತ್ತೋಯ್ತಾ ನಿನ್ನ ಕಲೆ?" ಎಂದರು ಗಣಪಯ್ಯ.

"ಸತ್ತಿಲ್ಲ ಅಯ್ಯಾ, ಜನ ಅಲ್ಲಾಡ್ಬೇಕು. ಕೈ ಬೀಸ್ರೀ! ಸ್ವಲ್ಪ ಕುಣೀರಿ!"

"ನೀನೇ ಕುಣಿ ಮಾರಾಯ, ನಾವು ನೋಡ್ತೀವಿ" ಎಂದಳು ಒಬ್ಬ ಅಜ್ಜಿ.

ಕುಣಿದ. "ಬನ್ನಿ, ಕೂತ್ಕೊಳ್ಳಿ" ಎಂದು ಅವನ ದನಿ ಅವನನ್ನೇ ಕರೆಯಿತು. ಛತ್ರಕ್ಕೆ ಛತ್ರವೇ ನಕ್ಕಿತು. ಊಟದ ಹೊತ್ತಿಗೆ ಹಲಗೆ ಸೌದೆ ಕೋಣೆ ಸೇರಿತ್ತು.

"ಈ ಊರ ಜನಕ್ಕೆ ಕಲೆ ಅಂದ್ರೆ ಎಂತ ಅಂತಾನೇ ಗೊತ್ತಿಲ್ಲ" ಎಂದು ಮನೆಯಲ್ಲಿ ಕೂಗಾಡಿದ.

"ನೀವು ಒಂದ್ಸಲನಾದ್ರೂ ಅದ್ರೆದುರು ಸುಮ್ನೆ ನಿಂತು ನೋಡಿದ್ರಾ?" ರಾಧಮ್ಮ ಕೇಳಿದಳು.

ನೋಡಿರಲಿಲ್ಲ. ಹುಡುಗಾಟದ ವಯಸ್ಸಿನಿಂದ ದೇವರ ಪಟಕ್ಕೆ ಕಟ್ಟು ಹಾಕಿಯೇ ಹೊಟ್ಟೆ ಹೊರೆದವನಿಗೆ, ಪಟದ ಮುಂದೆ ಜನ ಹೇಗೆ ನಿಲ್ಲುತ್ತಾರೆ ಎಂಬುದೇ ಕಂಡಿರಲಿಲ್ಲ. ಸುಮ್ಮನೆ ನಿಂತವರನ್ನೂ ಗುರುತಿಸುವ ಸೆನ್ಸರ್ ಅಷ್ಟೇ ಅಗ್ಗಕ್ಕೆ ಸಿಗುತ್ತದೆ ಎಂದು ಪಕ್ಕದ ಅಂಗಡಿಯವನಾದ ನಾನು ಹೇಳಿದೆ. "ಸೆನ್ಸರ್ ಯಾಕೆ ಬದ್ಲಾಗ್ಬೇಕು? ಜನ ಬದ್ಲಾಗ್ಲಿ" ಎಂದ.

ಜನ ಬದಲಾಗಿಲ್ಲ. ಛತ್ರದ ಬಾಗಿಲು ಸಿಗದ ಹಲಗೆ ಈಗ ಅಂಗಡಿಯಲ್ಲಿದೆ. ಬೀದಿನಾಯಿ ಹಾದರೂ "ಬನ್ನಿ, ಕೂತ್ಕೊಳ್ಳಿ" ಎನ್ನುತ್ತದೆ. ಅಂಗಡಿಯಲ್ಲಿರುವುದು ಒಂದೇ ಸ್ಟೂಲು. ಅದರ ಮೇಲೆ ಯಶವಂತನೇ ಕೂತಿರುತ್ತಾನೆ.