ಮಗಳ ಸಹಿ

ನಮ್ಮ ಮನೆಯಲ್ಲಿ ಅರ್ಜಿ ಎಂಬ ಅರ್ಜಿಯನ್ನೆಲ್ಲ ತುಂಬುವವಳು ನಾನು. ಗಂಡನ ಕೆಲಸದ ವೀಸಾ ಪಾಸು, ನಾವಿರುವ ಕಾಂಡೋ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಚೀಟಿ, ಮಗಳ ಶಾಲಾ ಪ್ರವಾಸದ ಒಪ್ಪಿಗೆ ಪತ್ರ, ಎಲ್ಲದಕ್ಕೂ ನನ್ನದೇ ಕೈ. ಶಾಲೆಯ ವ್ಯಾನು ಕೆಳಗೆ ಹಾರ್ನ್ ಹೊಡೆಯುತ್ತಿದ್ದರೆ ವಿದ್ಯಾರ್ಥಿ ಸಹಿ ಹಾಕಬೇಕಾದ ಕಡೆಯೂ ನಾನೇ ಗೀಚಿ ಕಳಿಸಿದ್ದುಂಟು. ಅವಳ ಸಹಿ ಅವಳಿಗಿಂತ ನನಗೇ ಚೆನ್ನಾಗಿ ಬರುತ್ತದೆ ಎಂದು ನಗುತ್ತಿದ್ದೆವು.

ಮಗಳು ಹುಟ್ಟಿದ್ದು ಅಮೆರಿಕದಲ್ಲಿ. ಕಂಪನಿ ನನ್ನ ಗಂಡನನ್ನು ಎರಡು ವರ್ಷಕ್ಕೆ ಅಲ್ಲಿಗೆ ಕಳಿಸಿತ್ತು. ಅವಳು ನಡೆಯಲು ಕಲಿಯುವ ಮೊದಲೇ ಮಲೇಷ್ಯಾದ ಪೆನಾಂಗಿಗೆ ಬಂದೆವು, ಅಮೆರಿಕದ ಪಾಸ್‌ಪೋರ್ಟ್ ಮಾತ್ರ ಅವಳ ಜೊತೆಗೇ ಬಂತು. ಆ ದೇಶದ ಪ್ರಜೆ ಎಲ್ಲಿ ದುಡಿದರೂ ಅಲ್ಲಿನ ತೆರಿಗೆ ಇಲಾಖೆಗೆ ವರ್ಷಕ್ಕೊಮ್ಮೆ ವಿವರ ಒಪ್ಪಿಸಬೇಕು. ಕಳೆದ ವರ್ಷ ಅವಳಿಗೆ ಇಲ್ಲೇ ಬಯಾನ್ ಲೆಪಾಸ್‌ನ ಚಿಪ್ ಕಾರ್ಖಾನೆಯಲ್ಲಿ ಮೊದಲ ಕೆಲಸ ಸಿಕ್ಕಿತು. ಈ ವರ್ಷ ಆ ತೆರಿಗೆ ವಿವರದ ಅರ್ಜಿ ತುಂಬಿ, ಸಹಿಗೆಂದು ಅವಳ ಮುಂದಿಟ್ಟೆ.

"ನೋ ಅಮ್ಮಾ. ಐ ವೋಂಟ್ ಸೈನ್," ಎಂದಳು.

ಗಾಜಾದ ಚಿತ್ರಗಳನ್ನು ಅವಳು ತಿಂಗಳುಗಟ್ಟಲೆ ನೋಡುತ್ತಿದ್ದಳು. ಇಲ್ಲಿನ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನ ಟಿವಿಯಲ್ಲೂ ಅದೇ, ಕಾರ್ಖಾನೆಯ ಗೆಳತಿಯರ ಬಾಯಲ್ಲೂ ಅದೇ. ಅಲ್ಲಿ ಬೀಳುವ ಬಾಂಬುಗಳಲ್ಲಿ ಅಮೆರಿಕದ ತೆರಿಗೆ ಹಣವಿದೆ ಎಂಬುದು ಅವಳ ಸಂಕಟ.

"ನಿನ್ನ ಸಂಬಳಕ್ಕೆ ತೆರಿಗೆ ಸೊನ್ನೆ ಕಣೇ. ಅವರಿಗೆ ಒಂದು ಪೈಸೆನೂ ಹೋಗಲ್ಲ," ಎಂದೆ.

"ಝೀರೋ ಆದ್ರೂ ಇಟ್ಸ್ ಮೈ ನೇಮ್ ಲಾ," ಎಂದಳು, ಇಲ್ಲಿಯವರ ಹಾಗೆ ಕೊನೆಗೊಂದು 'ಲಾ' ಸೇರಿಸಿ.

ಸಿಟ್ಟು ನೆತ್ತಿಗೇರಿತು. ನಾಳೆ ಪಾಸ್‌ಪೋರ್ಟಿಗೆ ತೊಂದರೆಯಾದರೆ ಇವಳು ಎಲ್ಲಿಗೆ ಹೋಗಬೇಕು? ಇಲ್ಲಿ ನಾವೆಲ್ಲ ಪಾಸಿನ ಮೇಲೆ ಬದುಕುವವರು. ಮರುವಾರ ಅವಳು ಕೆಲಸಕ್ಕೆ ಹೋದ ಮೇಲೆ ಊಟದ ಮೇಜಿನ ಮೇಲೆ ಕಾಗದ ಹರಡಿ ಅವಳ ಸಹಿ ಹಾಕಿದೆ. ಒಂದೇ ಸಲಕ್ಕೆ ಬಂತು. ಅಂಚೆ ಕಚೇರಿಯಲ್ಲಿ ಲಕೋಟೆ ಕೊಟ್ಟು, ಬರುವ ದಾರಿಯಲ್ಲಿ ಸೊಪ್ಪು ಕೊಂಡುಕೊಂಡೆ.

ಮೂರು ದಿನ ಕಳೆದು ನಮ್ಮ ಕನ್ನಡ ಕುಟುಂಬಗಳ ಯುಗಾದಿ ಕೂಟ. ಹಿಂದಿನ ಯುಗಾದಿಯಿಂದೀಚೆಗೆ ಮೊದಲ ಕೆಲಸಕ್ಕೆ ಸೇರಿದ ಮಕ್ಕಳು ಊಟಕ್ಕೆ ಮುಂಚೆ ಮೈಕ್ ಹಿಡಿದು ನಾಲ್ಕು ಮಾತಾಡುವುದು ನಮ್ಮಲ್ಲಿ ರೂಢಿ. ಅಪ್ಪ ಅಮ್ಮನಿಗೆ ಥ್ಯಾಂಕ್ಸ್ ಹೇಳಿ ಇಳಿಯುತ್ತಾರೆ. ನನ್ನ ಮಗಳು ಥ್ಯಾಂಕ್ಸ್ ಹೇಳಿದ ಮೇಲೂ ಇಳಿಯಲಿಲ್ಲ. ತನ್ನ ಪಾಸ್‌ಪೋರ್ಟಿನ ವಿಷಯ, ತೆರಿಗೆಯ ವಿಷಯ, ಯುದ್ಧದ ವಿಷಯ ಹೇಳಿ, "ಐ ಹ್ಯಾವ್ ನಾಟ್ ಸೈನ್ಡ್. ಐ ವಿಲ್ ನಾಟ್ ಸೈನ್," ಎಂದಳು. ಚಪ್ಪಾಳೆ ಬಿತ್ತು, ಕೆಲವರು ಕೈ ಕಟ್ಟಿಯೇ ಕೂತರು.

ಹಾಲ್ ಎರಡು ಪಾಲಾಯಿತು. ನಮ್ಮದೇ ಕಾಂಡೋದ ಒಬ್ಬ ಬೆಂಗಳೂರಿನ ಇಂಜಿನಿಯರ್ ಎದ್ದು ನಿಂತರು. "ಆ ಪಾಸ್‌ಪೋರ್ಟ್‌ಗೆ ಜನ ವರ್ಷಗಟ್ಟಲೆ ಕ್ಯೂ ನಿಲ್ತಾರಮ್ಮ. ಯುದ್ಧ ಶುರು ಮಾಡಿದ್ದು ಯಾರು ಅಂತಾನೂ ಹೇಳು. ಪರದೇಶದಲ್ಲಿದ್ದೀವಿ, ನಮ್ಮೆಲ್ಲರ ಪಾಸಿಗೂ ಸಂಚಕಾರ ತರ್ಬೇಡ."

ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುವ ಉಡುಪಿಯ ಡಾಕ್ಟರಮ್ಮ ಅವರನ್ನು ಅರ್ಧಕ್ಕೇ ತಡೆದರು. "ನಾನು ಹೆರಿಗೆ ವಾರ್ಡಿನವಳು. ಗಾಜಾದ ಹೆರಿಗೆ ವಾರ್ಡು ಟಿವಿಯಲ್ಲಿ ಕಂಡ ಮೇಲೆ ನಂಗೆ ಊಟ ಸೇರುದಿಲ್ಲ ಮಾರಾಯ್ರೆ. ಹುಡುಗಿ ಹೇಳಿದ್ರಲ್ಲಿ ಎಂತ ತಪ್ಪುಂಟು?"

ಜಗಳ ಒಬ್ಬಟ್ಟು ಬಡಿಸುವವರೆಗೂ ನಡೆಯಿತು. ಯಾರೋ ತೆಗೆದ ವಿಡಿಯೋ ಸಂಜೆಯೊಳಗೆ ಎಲ್ಲರ ಫೋನಿಗೂ ಹೋಯಿತು. ಕಾರ್ಖಾನೆಯ ಗೆಳತಿಯರು ಅವಳನ್ನು ತಬ್ಬಿಕೊಂಡರಂತೆ. ಎರಡು ಮನೆಯವರು ಲಿಫ್ಟಿನಲ್ಲಿ ನಮ್ಮನ್ನು ಕಂಡರೆ ಫೋನು ನೋಡತೊಡಗಿದರು. ನಿಜ ಹೇಳಲು ದಿನಾ ಬಾಯಿ ತೆರೆಯುತ್ತಿದ್ದೆ, ದಿನಾ ಬೇರೇನೋ ಹೇಳುತ್ತಿದ್ದೆ. ತೆರಿಗೆ ಇಲಾಖೆಯ ಪತ್ರ ಬಂದೀತೆಂದು ಕೆಳಗಿನ ಅಂಚೆ ಪೆಟ್ಟಿಗೆಯನ್ನು ಅವಳು ಬರುವ ಮೊದಲೇ ತೆರೆದು ನೋಡುವುದು ಅಭ್ಯಾಸವಾಯಿತು. ನೀರಿನ ಬಿಲ್ಲು ಬಂದರೂ ಎರಡೆರಡು ಸಲ ತಿರುಗಿಸಿ ನೋಡುತ್ತಿದ್ದೆ.

ನನಗೆ ಜ್ವರ ಬಂದು ಮಲಗಿದ ದಿನವೇ ಅದು ಬಂತು. ಮಗಳು ಲಕೋಟೆ ಒಡೆದುಕೊಂಡೇ ಕೋಣೆಗೆ ಬಂದಳು. ನಿಮ್ಮ ಹೆಸರಿನಲ್ಲಿ ಒಂದು ಅರ್ಜಿ ಬಂದಿದೆ, ಕಳಿಸಿದವರು ನೀವೇ ಎಂದು ಖಚಿತಪಡಿಸಿ, ನೀವಲ್ಲದಿದ್ದರೆ ತಿಳಿಸಿ ಎಂದು ತೆರಿಗೆ ಇಲಾಖೆ ಕೇಳಿತ್ತು.

"ಯಾರೋ ನನ್ನ ಸೈನ್ ಫೋರ್ಜ್ ಮಾಡಿದಾರೆ ಅಮ್ಮಾ! ಆ ಅಂಕಲ್ಲೇ ಇರ್ಬೇಕು. ಟು ಮೇಕ್ ಮಿ ಎ ಲಯರ್." ಕೆನ್ನೆ ಕೆಂಪಾಗಿತ್ತು. ನಿಂತಲ್ಲೇ ಫೋನು ತೆಗೆದು ಕನ್ನಡ ಗುಂಪಿಗೆ ಬರೆಯತೊಡಗಿದಳು, ಆ ಇಂಜಿನಿಯರ್ ಹೆಸರು ಹಾಕಿ.

"ನಿಲ್ಲು. ನಾನೇ ಹಾಕಿದ್ದು," ಎಂದೆ.

ಅವಳು ಕಿರುಚಾಡುತ್ತಾಳೆ ಎಂದುಕೊಂಡಿದ್ದೆ. ಮಂಚದ ತುದಿಯಲ್ಲಿ ಕೂತು ಬರೆದದ್ದನ್ನು ಅಳಿಸಿದಳು. ನಿನ್ನ ಒಳ್ಳೆಯದಕ್ಕೇ ಎಂದು ಏನೇನೋ ಹೇಳಿದೆ. ಮುಗಿಯುವವರೆಗೂ ಕೇಳಿಸಿಕೊಂಡಳು.

"ಬಿಫೋರ್ ದಿ ಸ್ಪೀಚ್, ಆರ್ ಆಫ್ಟರ್?"

"ಮುಂಚೆ. ಮೂರು ದಿನ ಮುಂಚೆ."

ಅವಳು ಪತ್ರವನ್ನು ಮಡಿಸಿ ಲಕೋಟೆಗೆ ಹಾಕಿದಳು.

"ಆದ್ರೆ ಐ ಸಾ ಯೂ, ಅಮ್ಮಾ. ಎಲ್ಲರಿಗಿಂತ ಮೊದ್ಲು ಕ್ಲ್ಯಾಪ್ ಮಾಡಿದ್ದು ನೀನೇ."