ಕಾಶಿಯಲ್ಲಿ ಏನನ್ನೂ ಬಿಡದ ಅಜ್ಜಿ

ಗಲ್ಲಿಯಲ್ಲಿ ಯಾರ ಮನೆಯಲ್ಲಾದರೂ ಸಾಸಿವೆ ಎಣ್ಣೆ ಕಾದು ಘಾಟು ಮೂಗಿಗೆ ಬಡಿದರೆ ನನಗೆ ಈಗಲೂ ಮಹಡಿ ಮೇಲಿನ ಅಜ್ಜಿ ನೆನಪಾಗುತ್ತಾರೆ. ಆ ವಾಸನೆ ಅವರಿಗೆ ಆಗುತ್ತಲೇ ಇರಲಿಲ್ಲ. ಎದುರುಮನೆಯ ಭಾಭಿ ಒಲೆ ಹಚ್ಚಿದರೆ ಸಾಕು, ಸೆರಗು ಮೂಗಿಗೆ ಬರುತ್ತಿತ್ತು, ಕಿಟಕಿ ಮುಚ್ಚಿಕೊಳ್ಳುತ್ತಿತ್ತು... ಭಾಭಿ ಪ್ರೀತಿಯಿಂದ ಕಳಿಸಿದ ಪಲ್ಯದ ಬಟ್ಟಲು ಮುಟ್ಟದೆಯೇ ವಾಪಸ್ ಹೋಗುತ್ತಿತ್ತು.

ಎರಡು ಸಾವಿರದ ಇಸವಿ ಕಳೆದ ಹೊಸತು. ಕೇದಾರ ಘಾಟಿನ ಪಕ್ಕ ನಮ್ಮ ಮನೆ. ಕನ್ನಡದ ಯಾತ್ರಿಕರಿಗೆ ಅಪ್ಪನದೇ ಪೌರೋಹಿತ್ಯ. ಅಜ್ಜಿ ಹಾಸನದ ಕಡೆಯವರು, ಮದುವೆ ಮನೆಗಳಲ್ಲಿ ಅಡುಗೆ ಮಾಡಿ ಬದುಕಿದವರು. ಗಂಡ ಹೋದ ಮೇಲೆ, ಇಲ್ಲೇ ಕಣ್ಣು ಮುಚ್ಚುತ್ತೇನೆಂದು ಬಂದು ನಮ್ಮ ಮಹಡಿಯ ಕೋಣೆ ಹಿಡಿದಿದ್ದರು. ಕಾಶಿಗೆ ಬಂದವರು ತಮಗಿಷ್ಟದ ಹಣ್ಣನ್ನೋ ತರಕಾರಿಯನ್ನೋ ಗಂಗೆಯಲ್ಲಿ ಬಿಟ್ಟು, ಮತ್ತೆಂದೂ ಅದನ್ನು ತಿನ್ನುವುದಿಲ್ಲ ಎಂದು ಸಂಕಲ್ಪ ಮಾಡಬೇಕು. ಅಜ್ಜಿಯದು ಅದೊಂದು ಬಾಕಿ ಇತ್ತು. ಅದಾಗದೆ ಉಸಿರು ಹೋದರೆ ಕಾಶಿಗೆ ಬಂದೂ ಬರದಂತೆ ಎಂಬ ಅಳುಕು ಅವರಿಗೆ. ಆದರೂ ಮುಂದೂಡುತ್ತಲೇ ಇದ್ದರು.

ಕೊನೆಗೊಂದು ಬೆಳಿಗ್ಗೆ ಅಪ್ಪನ ಜೊತೆ ಘಾಟಿಗೆ ಇಳಿದು ಮೆಟ್ಟಿಲ ಮೇಲೆ ಕೂತರು.

"ಬದನೆಕಾಯಿ ಬಿಡಿ ಅಮ್ಮ, ನಿಮಗೆ ಪ್ರಾಣ ಅದು," ಎಂದರು ಅಪ್ಪ. "ಮಿಕ್ಕವರೆಲ್ಲ ಹಾಗಲಕಾಯಿ ಬಿಟ್ಟು ಬಿಟ್ಟು ಗಂಗಮ್ಮನ ಬಾಯೇ ಕಹಿಯಾಗಿದೆ."

ಅಜ್ಜಿ ನಗಲಿಲ್ಲ. "ಬದ್ನೆಕಾಯಿ ಮಾಡಿದ್ದು ಯಾರು ಶಾಸ್ತ್ರಿಗಳೇ?"

"ದೇವರು."

"ಗಂಗೇನ?"

"ಅವನೇ."

"ಅವನ ಕಾಯಿ ಅವನ ನೀರಿಗೇ ಹಾಕಿ ನಾನು ಕೊಟ್ಟೆ ಅನ್ನಲಾ? ನಾನು ಒಲೆ ಮುಂದೆ ಬೆಂದೋಳು. ಎಲೆ ತುದಿಗೆ ತಳ್ಳಿ ಎದ್ದು ಹೋದೋರನ್ನ ಕಂಡ್ರೆ ಹೊಟ್ಟೆ ಉರೀತಿತ್ತು. ಪೂರ್ತಿ ಉಂಡು ಚೆನ್ನಾಗಿದೆ ಅಂದೋರೇ ನಂಗೆ ಏನಾದ್ರೂ ಕೊಟ್ಟೋರು. ಅವನೂ ಮಾಡಿ ಬಡಿಸಿದೋನೇ ತಾನೆ? ಇಷ್ಟು ದಿನ ತಳ್ಳಿದ್ದನ್ನ ಇನ್ನು ಉಣ್ತೀನಿ ಅಂತ ಸಂಕಲ್ಪ ಹೇಳಿಸಿ."

"ಹಾಗೊಂದು ಪದ್ಧತಿ ಇಲ್ಲಮ್ಮ."

"ಇಲ್ದಿದ್ರೆ ನಾನು ಏಳೋದೂ ಇಲ್ಲ. ನಿಮ್ಮ ಯಾತ್ರಿಕರು ನನ್ನ ದಾಟ್ಕೊಂಡು ಇಳೀಲಿ."

ಬಿಸಿಲೇರಿತು. ಅಜ್ಜಿ ಏಳಲಿಲ್ಲ. ಕೊನೆಗೆ ಅಪ್ಪ ಅವರ ಬೊಗಸೆಗೆ ಗಂಗೆಯ ನೀರು ಹಾಕಿ, ತಾವೇ ಮಾತು ಜೋಡಿಸಿ, ಒಂದೊಂದಾಗಿ ಹೇಳಿಸಿದರು.

ಅಂದು ಮಧ್ಯಾಹ್ನ ಅಜ್ಜಿಯೇ ಭಾಭಿಯ ಬಾಗಿಲಿಗೆ ಹೋಗಿ ಬಟ್ಟಲು ಚಾಚಿದರು. ಸಾಸಿವೆ ಎಣ್ಣೆಯಲ್ಲಿ ಹುರಿದ, ತೊಂಡೆಕಾಯಿಯಂಥ ಪರವಲ್ ಪಲ್ಯ. ಮೊದಲ ತುತ್ತಿಗೆ ಕಣ್ಣಲ್ಲಿ ನೀರು ಬಂತು. ಬಿಡಲಿಲ್ಲ, ಬಟ್ಟಲು ಖಾಲಿ ಮಾಡಿ ಮೇಲೆ ನೋಡಿ, "ಚೆನ್ನಾಗಿ ಮಾಡಿದ್ದೀಯಪ್ಪ," ಎಂದರು. ಅಲ್ಲಿಂದ ಮುಂದೆ ಅವರು ಯಾವ ಬಟ್ಟಲನ್ನೂ ಹಿಂದಕ್ಕೆ ಕಳಿಸಲಿಲ್ಲ. ಕಣ್ಣು ಮುಚ್ಚುವಾಗ ಅವರ ಮುಖದಲ್ಲಿ ಯಾವ ಅಳುಕೂ ಇರಲಿಲ್ಲ. ಕೊಟ್ಟದ್ದು ಮುಟ್ಟುವಲ್ಲಿಗೆ ಮುಟ್ಟಿದೆ. ಅದರಲ್ಲಿ ನನಗೆ ಸಂಶಯವಿಲ್ಲ.

ಈಗ ಅಪ್ಪನೂ ಇಲ್ಲ. ಘಾಟಿನಲ್ಲಿ ನಾನು ಕೂರುತ್ತೇನೆ. ಏನು ಬಿಡಲಿ ಎಂದು ದಿನವೂ ಯಾರಾದರೂ ಕೇಳುತ್ತಾರೆ, ಹೇಳಿಸುತ್ತೇನೆ. ಅಪ್ಪ ಅಂದು ಜೋಡಿಸಿದ ಇನ್ನೊಂದು ಸಂಕಲ್ಪವೂ ನನಗೆ ಬಾಯಿಗೆ ಬರುತ್ತದೆ. ಅದನ್ನು ಹೇಳಿಸಿ ಎಂದು ಕೇಳುವವರು ಮತ್ತೆ ಬಂದಿಲ್ಲ.